ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕುಳಿತು ಹಲವು ವರ್ಷಗಳಿಂದ ಅರ್ಜಿಗಳನ್ನು ಪರಿಶೀಲಿಸುತ್ತ ಬಂದಿರುವ ನನಗೆ ಒಂದು ಸಂಗತಿ ಖಚಿತವಾಗಿದೆ. ಅರ್ಧದಲ್ಲಿ ನಿಂತುಹೋದ ಅರ್ಜಿಗಳಲ್ಲಿ ಅರ್ಹತೆಯೇ ಇಲ್ಲದ ವಿದ್ಯಾರ್ಥಿಗಳದ್ದು ತೀರಾ ಕಡಿಮೆ. ಹೆಚ್ಚಿನವು ನಿಲ್ಲುವುದು ಒಂದೇ ವಿದ್ಯಾರ್ಥಿಯ ಬಗ್ಗೆ ಎರಡು ದಾಖಲೆಗಳು ಎರಡು ಬಗೆಯಾಗಿ ಹೇಳುತ್ತಿರುವುದರಿಂದ. ಅವುಗಳಲ್ಲಿ ಯಾವುದು ತಪ್ಪು ಎಂದು ತಿಳಿಯುವ ಮೊದಲೇ ಯಾವುದೋ ಒಂದನ್ನು ತಿದ್ದಿಸಲು ಓಡುವವರು, ಒಂದು ದೋಷದ ಜಾಗದಲ್ಲಿ ಎರಡನ್ನು ಮಾಡಿಕೊಂಡು ಹಿಂತಿರುಗುತ್ತಾರೆ. ಆದ್ದರಿಂದ ಮೊದಲು ಹೋಲಿಸಿ ನೋಡುವುದು, ಆಮೇಲೆ ತಪ್ಪು ಹುಟ್ಟಿದ ಜಾಗದಲ್ಲೇ ಅದನ್ನು ತಿದ್ದಿಸುವುದು ಎಂಬ ಕ್ರಮದಲ್ಲಿ ಈ ಬರಹವನ್ನು ಜೋಡಿಸಿದ್ದೇನೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎಂದು ಕರೆಯುವ ಪೋರ್ಟಲ್‌ನ ಮೆಟ್ರಿಕ್ ನಂತರದ ಅರ್ಜಿಯ ಬಗ್ಗೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮೊದಲಾದ ಇಲಾಖೆಗಳ ನೆರವಿಗೆ ಇದೊಂದೇ ಬಾಗಿಲು. ಈ ಪೋರ್ಟಲ್ ನಾವು ಟೈಪ್ ಮಾಡಿದ್ದನ್ನು ಹಾಗೆಯೇ ನಂಬುವುದಿಲ್ಲ. ಹೆಸರನ್ನು ಆಧಾರ್‌ನಿಂದ, ಜಾತಿ ಮತ್ತು ಆದಾಯವನ್ನು ನಾಡಕಚೇರಿಯ ದತ್ತಾಂಶದಿಂದ, ಓದಿನ ವಿವರವನ್ನು ಎಸ್‌ಎಸ್‌ಎಲ್‌ಸಿ ಮತ್ತು ವಿಶ್ವವಿದ್ಯಾಲಯದ ದಾಖಲೆಗಳಿಂದ ತಾನೇ ಎಳೆದುಕೊಂಡು ತಾಳೆ ನೋಡುತ್ತದೆ. ಹೀಗಾಗಿ ತೆರೆಯ ಮೇಲೆ ಕಾಣುವ ತಪ್ಪು ಹೆಚ್ಚಿನ ಸಲ ಅರ್ಜಿಯದ್ದಾಗಿರದೆ ಆ ಮೂಲ ದಾಖಲೆಯದ್ದಾಗಿರುತ್ತದೆ. ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ ಬಗ್ಗೆ ಬೇರೆ ಭಾಗವೊಂದನ್ನು ಕೊನೆಯ ಕಡೆ ಸೇರಿಸಿದ್ದೇನೆ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆ

ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆಧಾರ್ ಕಾರ್ಡ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶ ರಸೀದಿ, ಬ್ಯಾಂಕ್ ಪಾಸ್‌ಬುಕ್ ಇವಿಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು, ಒಂದು ಹಾಳೆಯಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಈ ಮೂರನ್ನು ಪ್ರತಿಯೊಂದು ದಾಖಲೆಯಲ್ಲಿ ಇರುವಂತೆಯೇ, ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕೆ ಮತ್ತು ಖಾಲಿ ಜಾಗ ಸಹಿತ ಒಂದರ ಕೆಳಗೊಂದು ಬರೆಯಿರಿ. ನೆನಪಿನಿಂದ ಬರೆಯಬೇಡಿ, ನೋಡಿ ಬರೆಯಿರಿ. ನಮ್ಮಲ್ಲಿ ಬಂದ ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ಆಧಾರ್‌ನಲ್ಲಿ ‘ಕಾವ್ಯ ಹನುಮಂತಪ್ಪ’, ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್’, ಪಾಸ್‌ಬುಕ್ಕಿನಲ್ಲಿ ‘ಎಚ್ ಕಾವ್ಯ’ ಎಂದಿತ್ತು. ಅಷ್ಟು ದಿನ ಮೂರೂ ಒಂದೇ ಎಂದುಕೊಂಡಿದ್ದ ಆಕೆ, ಮೂರು ಸಾಲುಗಳನ್ನು ಒಟ್ಟಿಗೆ ನೋಡಿದಾಗ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದತೊಡಗಿದಳು. ಈ ಹಾಳೆ ಕೈಯಲ್ಲಿದ್ದರೆ ಮುಂದಿನ ಭಾಗಗಳಲ್ಲಿ ಹೇಳಿರುವುದರ ಅರ್ಧ ಕೆಲಸ ಮುಗಿದಂತೆಯೇ.

ಲಕ್ಷಣ: ಹೆಸರು ಆಧಾರ್‌ನೊಂದಿಗೆ ಹೊಂದುತ್ತಿಲ್ಲ ಎಂದು ಬರುತ್ತದೆ

ಮೊದಲು ಟೈಪಿಂಗ್ ನೋಡಿ. ಪೋರ್ಟಲ್‌ನಲ್ಲಿ ಖಾತೆ ತೆರೆಯುವಾಗ ಕೇಳುವ ಹೆಸರು ಆಧಾರ್‌ನಲ್ಲಿ ಮುದ್ರಿತವಾಗಿರುವಂತೆಯೇ ಇರಬೇಕು. ಅಂಕಪಟ್ಟಿಯ ಹೆಸರನ್ನು ಅಲ್ಲಿ ಹಾಕಿದರೆ ಈ ಸಂದೇಶ ಬಂದೇ ಬರುತ್ತದೆ. ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ, ಅದರ ನಂತರ ಚುಕ್ಕೆ ಇದೆಯೋ, ಎರಡು ಪದಗಳ ನಡುವೆ ಎರಡು ಖಾಲಿ ಜಾಗ ಬಿದ್ದಿದೆಯೋ ಎಂದು ಪರೀಕ್ಷಿಸಿ. ಸೈಬರ್ ಸೆಂಟರ್‌ನಲ್ಲಿ ಹಿಂದಿನ ವಿದ್ಯಾರ್ಥಿಯ ವಿವರವನ್ನು ಬ್ರೌಸರ್ ತಾನಾಗಿಯೇ ತುಂಬಿಬಿಡುವುದೂ ಉಂಟು.

ಟೈಪಿಂಗ್ ಸರಿಯಿದ್ದು, ಆಧಾರ್ ಮತ್ತು ಅಂಕಪಟ್ಟಿಯ ನಡುವೆಯೇ ವ್ಯತ್ಯಾಸವಿದ್ದರೆ ಅದು ಎಷ್ಟು ದೊಡ್ಡದು ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಲ್ಲುತ್ತದೆ. ಇನಿಶಿಯಲ್ ಬಿಡಿಸಿ ಬರೆದಿರುವುದು, ಸ್ಥಾನ ಬದಲಾಗಿರುವುದು ಮಾತ್ರವಾದರೆ ಆಧಾರ್ ತಿದ್ದಿಸಲು ಅವಸರಪಡುವ ಬದಲು ಕಾಲೇಜಿನ ಪರಿಶೀಲನಾಧಿಕಾರಿಗೆ ಮೂಲ ದಾಖಲೆಗಳನ್ನು ತೋರಿಸಿ. ಇಬ್ಬರೂ ಒಬ್ಬರೇ ಎಂದು ಅವರಿಗೆ ಮನವರಿಕೆಯಾದರೆ ಸಾಮಾನ್ಯವಾಗಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಹೆಸರೇ ಬೇರೆಯಾಗಿದ್ದರೆ ಅಥವಾ ಹುಟ್ಟಿದ ದಿನಾಂಕ ಬೇರೆಯಾಗಿದ್ದರೆ ತಿದ್ದುಪಡಿ ಬೇಕೇ ಬೇಕು. ಆಗ ಸಾಧಾರಣವಾಗಿ ತಿದ್ದಿಸಬೇಕಾದದ್ದು ಆಧಾರ್ ಅನ್ನೇ, ಏಕೆಂದರೆ ಅಂಕಪಟ್ಟಿಯ ಬೆನ್ನಿಗೆ ಶಾಲೆಯ ದಾಖಲಾತಿ ಪುಸ್ತಕವಿರುತ್ತದೆ, ಮುಂದಿನ ಎಲ್ಲ ಪದವಿ ದಾಖಲೆಗಳೂ ಅದರ ಮೇಲೆಯೇ ನಿಲ್ಲುತ್ತವೆ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕಾಗುತ್ತದೆ, ಮತ್ತು ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಎಚ್ಚರಿಕೆ: ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಬದಲಿಸಬಹುದು. ಯಾರೋ ಹೇಳಿದರೆಂದು ಊಹೆಯ ಮೇಲೆ ಒಂದು ಅವಕಾಶವನ್ನು ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ. ಅರ್ಜಿ ಸಲ್ಲಿಸಿ ಪರಿಶೀಲನೆ ನಡೆಯುತ್ತಿರುವಾಗಲೂ ಕಾಲೇಜಿಗೆ ತಿಳಿಸದೆ ಆಧಾರ್ ಹೆಸರನ್ನು ಬದಲಿಸಬೇಡಿ.

ಲಕ್ಷಣ: ಒಟಿಪಿ ಬರುವುದೇ ಇಲ್ಲ

ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗ ಚಾಲ್ತಿಯಲ್ಲಿ ಇಲ್ಲ ಎಂಬುದು ಇದರ ಸಾಮಾನ್ಯ ಅರ್ಥ. ಮೈ ಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಲು ಪ್ರಯತ್ನಿಸಿದರೆ ಒಟಿಪಿ ಯಾವ ಸಂಖ್ಯೆಗೆ ಹೋಗುತ್ತಿದೆ ಎಂಬುದರ ಕೊನೆಯ ಅಂಕಿಗಳು ಕಾಣಬಹುದು. ಹಳೆಯ ಸಿಮ್ ಮನೆಯಲ್ಲೇ ಯಾರ ಬಳಿಯಾದರೂ ಇದ್ದರೆ ಅದಕ್ಕೆ ರೀಚಾರ್ಜ್ ಮಾಡಿಸುವುದೇ ಅಗ್ಗದ ದಾರಿ. ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಹೊಸ ಸಂಖ್ಯೆ ಸೇರಿಸಬೇಕು. ಸೈಬರ್ ಸೆಂಟರ್‌ನವರ ಸಂಖ್ಯೆಯನ್ನು ಎಲ್ಲಿಯೂ ಕೊಡಬೇಡಿ. ಮುಂದಿನ ವರ್ಷ ನವೀಕರಣದ ಹೊತ್ತಿಗೆ ಆ ಸಂಖ್ಯೆ ನಿಮ್ಮ ಕೈಗೆ ಸಿಗುವುದಿಲ್ಲ.

ಲಕ್ಷಣ: ಆರ್‌ಡಿ ಸಂಖ್ಯೆ ಹಾಕಿದರೆ ವಿವರ ಬರುವುದಿಲ್ಲ, ಅಥವಾ ಬೇರೆಯದೇ ಬರುತ್ತದೆ

ಜಾತಿ, ಆದಾಯ ಪ್ರಮಾಣಪತ್ರದ ಮೇಲ್ಭಾಗದಲ್ಲಿರುವ ಸಂಖ್ಯೆ ‘ಆರ್‌ಡಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ ಅದರ ನಂತರ 13 ಅಂಕಿಗಳಿರುತ್ತವೆ. ಜೆರಾಕ್ಸ್ ಪ್ರತಿಯಲ್ಲಿ 3 ಮತ್ತು 8 ಒಂದೇ ರೀತಿ ಕಾಣುತ್ತವೆ, ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಬೀಳುತ್ತದೆ. ಮೂಲ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಮತ್ತೊಮ್ಮೆ ಹಾಕಿ. ಆಗಲೂ ಬರದಿದ್ದರೆ ನಾಡಕಚೇರಿಯ ಜಾಲತಾಣದಲ್ಲಿ ಅದೇ ಸಂಖ್ಯೆಯನ್ನು ಹುಡುಕಿ. ಅಲ್ಲಿ ಪ್ರಮಾಣಪತ್ರ ಸಿಕ್ಕಿದರೆ ದೋಷ ಪೋರ್ಟಲ್‌ನ ಕಡೆಯದ್ದು, ಒಂದೆರಡು ದಿನ ಬಿಟ್ಟು ಪ್ರಯತ್ನಿಸಬಹುದು. ಅಲ್ಲಿಯೂ ಸಿಗದಿದ್ದರೆ ಪ್ರಮಾಣಪತ್ರದ ಬಗ್ಗೆಯೇ ಅನುಮಾನ ಪಡಬೇಕು. ಮಧ್ಯವರ್ತಿಯೊಬ್ಬರು ‘ಮಾಡಿಸಿಕೊಟ್ಟ’ ಕಾಗದವಾದರೆ ಅದನ್ನು ಮತ್ತೆಲ್ಲಿಯೂ ಬಳಸದೆ ನೇರವಾಗಿ ನಾಡಕಚೇರಿಗೆ ಹೋಗಿ ವಿಚಾರಿಸಿ.

ವಿವರ ಬಂದರೂ ‘ಅವಧಿ ಮುಗಿದಿದೆ’ ಎಂದರೆ ಅಚ್ಚರಿಪಡಬೇಕಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ಜಾತಿ ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ ಇದೆ, ಆದರೆ ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾತ್ರ. ಎಂಟನೇ ತರಗತಿಯಲ್ಲಿ ಮಾಡಿಸಿಟ್ಟ ಕಾಗದವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದ ಮಗು ಪದವಿಯ ಮೊದಲ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಹೊಸದಕ್ಕೆ ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಅರ್ಜಿ ಕೊಟ್ಟು, ‘ಸಕಾಲ’ ಎಂಬ ಸರ್ಕಾರಿ ಸೇವಾ ವ್ಯವಸ್ಥೆಯ ಸ್ವೀಕೃತಿ ಚೀಟಿಯನ್ನು ಇಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆ ದಾಟಿ ಬರಬೇಕಾದ ಕಾಗದ ಇದು. ಸ್ಕಾಲರ್‌ಶಿಪ್‌ನ ಕೊನೆಯ ದಿನಾಂಕದ ವಾರ ಹೋಗಿ ನಿಂತರೆ ಸಿಗುವುದಿಲ್ಲ.

ಎಲ್ಲವೂ ಸರಿಯಿದ್ದು ‘ನೀವು ಯಾವ ಯೋಜನೆಗೂ ಅರ್ಹರಲ್ಲ’ ಎಂದು ಬಂದರೆ ಎರಡು ಅಂಶಗಳನ್ನು ನೋಡಿ. ಒಂದು, ಪ್ರಮಾಣಪತ್ರದಲ್ಲಿರುವ ಪ್ರವರ್ಗ ಸರಿಯಾಗಿದೆಯೇ. ಎರಡು, ಆದಾಯದ ಮೊತ್ತ. ಪರಿಶಿಷ್ಟ ಜಾತಿಯ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಬೇರೆ ಪ್ರವರ್ಗಗಳ ಮತ್ತು ಬೇರೆ ಯೋಜನೆಗಳ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. ಮೊತ್ತದಲ್ಲಿ ಒಂದು ಸೊನ್ನೆ ಹೆಚ್ಚಾಗಿ ನಮೂದಾಗಿದ್ದರೆ ತಿದ್ದಿಸುವುದು ನ್ಯಾಯ. ಆದರೆ ನಿಜವಾದ ಆದಾಯವೇ ಮಿತಿಯ ಮೇಲಿದ್ದರೆ ಇಲ್ಲಿಗೆ ನಿಲ್ಲಿಸಿ. ತಗ್ಗಿಸಿ ಬರೆಸಿಕೊಟ್ಟ ಆದಾಯ ಪತ್ತೆಯಾದರೆ ಪಡೆದ ಹಣವನ್ನು ಹಿಂತಿರುಗಿಸಬೇಕಾಗುತ್ತದೆ, ಕಾನೂನು ಕ್ರಮಕ್ಕೂ ದಾರಿಯಾಗುತ್ತದೆ. ಅದರ ಹೊರೆ ಬೀಳುವುದು ಸಹಿ ಮಾಡಿದ ವಿದ್ಯಾರ್ಥಿಯ ಮತ್ತು ಪೋಷಕರ ಮೇಲೆ.

ಲಕ್ಷಣ: ಕಾಲೇಜು ಅಥವಾ ಕೋರ್ಸ್ ಸಿಗುತ್ತಿಲ್ಲ, ನೋಂದಣಿ ಸಂಖ್ಯೆ ಒಪ್ಪುತ್ತಿಲ್ಲ

ಕಾಲೇಜಿನ ಪ್ರವೇಶ ಸಂಖ್ಯೆ ಬೇರೆ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಬೇರೆ. ಪೋರ್ಟಲ್ ಕೇಳುವುದು ಎರಡನೆಯದನ್ನು. ಮೊದಲ ವರ್ಷದವರಿಗೆ ಇದು ತಡವಾಗಿ ಸಿಗುತ್ತದೆ. ಸಿಗುವವರೆಗೆ ಆ ಜಾಗದಲ್ಲಿ ಕೈಗೆ ಸಿಕ್ಕ ಸಂಖ್ಯೆಯನ್ನು ತುಂಬಬೇಡಿ, ಕಾಲೇಜಿನ ಕಚೇರಿಯಲ್ಲಿ ಕೇಳಿ. ಎಂಜಿನಿಯರಿಂಗ್‌ನವರಾದರೆ 10 ಅಕ್ಷರಾಂಕಗಳ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಡುವ ಸಂಖ್ಯೆ ಹಾಕುವಾಗ ‘ಐ’ ಮತ್ತು 1 ಅದಲುಬದಲಾಗದಂತೆ ನೋಡಿಕೊಳ್ಳಿ. ಕೋರ್ಸ್‌ನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಅದನ್ನು ಸೇರಿಸಬೇಕಾದವರು ಕಾಲೇಜಿನವರು ಮತ್ತು ಇಲಾಖೆಯವರು. ಹತ್ತಿರದ ಹೆಸರಿನ ಬೇರೆ ಕೋರ್ಸನ್ನು ಆಯ್ದುಕೊಂಡು ಸಲ್ಲಿಸಿದರೆ ಶುಲ್ಕದ ಮೊತ್ತ ತಪ್ಪಾಗಿ ಲೆಕ್ಕವಾಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಲಕ್ಷಣ: ಅರ್ಜಿ ಸಲ್ಲಿಕೆಯಾಗಿದೆ, ಆದರೆ ವಾರಗಟ್ಟಲೆ ಸ್ಥಿತಿ ಬದಲಾಗಿಲ್ಲ

ಸ್ಥಿತಿ ನೋಡುವ ಪುಟದಲ್ಲಿ ಅರ್ಜಿ ಯಾರ ಲಾಗಿನ್‌ನಲ್ಲಿದೆ ಎಂಬುದನ್ನು ಮೊದಲು ಓದಿ. ಕಾಲೇಜಿನ ಹಂತದಲ್ಲಿದ್ದರೆ ಮೂಲ ದಾಖಲೆಗಳೊಂದಿಗೆ, ಅರ್ಜಿಯ ಪ್ರಿಂಟ್ ಹಿಡಿದುಕೊಂಡು ನಮ್ಮಂಥವರ ಬಳಿಗೆ ಬನ್ನಿ. ನೂರಾರು ಅರ್ಜಿಗಳ ನಡುವೆ ನಿಮ್ಮದನ್ನು ತೆರೆದು ನೋಡಲು ಆ ಕಾಗದ ಬಹಳ ನೆರವಾಗುತ್ತದೆ. ಶುಲ್ಕ ರಸೀದಿ ಅಪ್‌ಲೋಡ್ ಆಗಿದ್ದರೂ ಮಸುಕಾಗಿ ಓದಲು ಬಾರದಿರುವುದು, ಮೇಲ್ಮುಖವಾಗಿರಬೇಕಾದ ಪುಟ ಅಡ್ಡವಾಗಿರುವುದು, ಇ-ದೃಢೀಕರಣ, ಅಂದರೆ ಆನ್‌ಲೈನ್‌ನಲ್ಲೇ ದೃಢೀಕರಣ ಬೇಕಾದ ದಾಖಲೆಯನ್ನು ಕಾಲೇಜಿನವರು ಇನ್ನೂ ದೃಢೀಕರಿಸದೇ ಇರುವುದು ಇವೇ ಸಾಮಾನ್ಯ ಕಾರಣಗಳು. ತಾಲ್ಲೂಕು ಅಥವಾ ಜಿಲ್ಲಾ ಹಂತದಲ್ಲಿದ್ದರೆ ಆಯಾ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಅರ್ಜಿ ಸಂಖ್ಯೆಯನ್ನು ಬರೆದುಕೊಟ್ಟು ಲಿಖಿತವಾಗಿ ವಿಚಾರಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಬೇಗ ಆಗಲೆಂದು ಇನ್ನೊಂದು ಹೊಸ ಖಾತೆ ತೆರೆದು ಎರಡನೆಯ ಅರ್ಜಿ ಹಾಕುವುದನ್ನು ಮಾತ್ರ ಮಾಡಬೇಡಿ. ಒಬ್ಬರದೇ ಎರಡು ಅರ್ಜಿಗಳು ಕಂಡಾಗ ಎರಡೂ ತಡೆಹಿಡಿಯಲ್ಪಡುತ್ತವೆ.

ಲಕ್ಷಣ: ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಹಣ ಬಂದಿಲ್ಲ

ಅತಿ ಹೆಚ್ಚು ಕಣ್ಣೀರು ನಾನು ಕಂಡಿರುವುದು ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿಯಲ್ಲಿ ಹಣ ಹೋಗುವುದು ಆಧಾರ್ ಸಂಖ್ಯೆಯ ವಿಳಾಸಕ್ಕೆ. ನೀವು ಎಲ್ಲಿಯೋ ಬರೆದುಕೊಟ್ಟ ಖಾತೆ ಸಂಖ್ಯೆಗೆ ಇಲ್ಲಿ ಪಾತ್ರವಿಲ್ಲ. ಒಂದು ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಸೇರಿದೆ ಎಂಬ ನಕ್ಷೆಯನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಇಟ್ಟುಕೊಂಡಿರುತ್ತದೆ. ನಾಲ್ಕು ಬ್ಯಾಂಕುಗಳಲ್ಲಿ ಖಾತೆ ಇದ್ದರೂ ಆ ನಕ್ಷೆಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ ಕೊನೆಯಲ್ಲಿ ಜೋಡಿಸಿದ್ದು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನ ಕೌಂಟರ್‌ನಲ್ಲಿ ಹೇಳಿದರೆ, ಆ ಮಾತು ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆ ಆಧಾರ್ ಕೊಟ್ಟಿರುವುದರ ಬಗ್ಗೆ ಮಾತ್ರ ಇರಬಹುದು. ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಅದೇ ಶಬ್ದಗಳಲ್ಲಿ ಕೇಳಿ.

ಮೊದಲ ಪರೀಕ್ಷೆ ಮನೆಯಲ್ಲೇ ಮಾಡುವಂಥದ್ದು. ಮೈ ಆಧಾರ್ ಜಾಲತಾಣಕ್ಕೆ ಆಧಾರ್ ಒಟಿಪಿಯಿಂದ ಲಾಗಿನ್ ಆಗಿ, ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ನೋಡಿ. ಅಲ್ಲಿ ಬ್ಯಾಂಕಿನ ಹೆಸರೂ ಸಕ್ರಿಯವೋ ಅಲ್ಲವೋ ಎಂಬುದೂ ಬರುತ್ತದೆ. ನೀವು ನೆನೆಯದ ಬ್ಯಾಂಕಿನ ಹೆಸರು ಬಂದರೆ ಹಣ ಅಲ್ಲಿಗೇ ಹೋಗಿರಬಹುದು. ಒಮ್ಮೆ ತಾಯಿಯೊಂದಿಗೆ ಬಂದ ವಿದ್ಯಾರ್ಥಿನಿ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು, ಖಾಲಿ ಇದ್ದ ಕೊನೆಯ ಪುಟವನ್ನು ತೋರಿಸಿ ಸುಮ್ಮನೆ ನಿಂತಿದ್ದಳು. ಮೂರು ತಿಂಗಳಿನಿಂದ ಅದೇ ಪುಟಕ್ಕೆ ಎಂಟ್ರಿ ಹಾಕಿಸಲು ಬ್ಯಾಂಕಿಗೆ ಓಡಾಡಿದ್ದಳಂತೆ. ಮ್ಯಾಪಿಂಗ್ ನೋಡಿದರೆ ಬೇರೆಯದೇ ಬ್ಯಾಂಕ್. ತಾಯಿಗೆ ಆಗ ನೆನಪಾಯಿತು: ಹಿಂದೊಮ್ಮೆ ಮನೆ ಬಾಗಿಲಿಗೆ ಬಂದವರು ಸಣ್ಣ ಯಂತ್ರದ ಮೇಲೆ ಮಗಳ ಹೆಬ್ಬೆರಳು ಒತ್ತಿಸಿಕೊಂಡು ಖಾತೆ ತೆರೆದು, ಚೌಕದ ಚಿತ್ರವಿದ್ದ ಒಂದು ಕಾರ್ಡ್ ಕೊಟ್ಟು ಹೋಗಿದ್ದರು. ಪಾಸ್‌ಬುಕ್ ಇಲ್ಲದ ಆ ಖಾತೆಯಲ್ಲಿ ಪೂರ್ತಿ ಹಣ ಹಾಗೆಯೇ ಕುಳಿತಿತ್ತು.

ಎರಡನೆಯ ಪರೀಕ್ಷೆ ಡಿಬಿಟಿ ಕರ್ನಾಟಕ ಮೊಬೈಲ್ ಆ್ಯಪ್. ರಾಜ್ಯ ಸರ್ಕಾರದಿಂದ ನಿಮ್ಮ ಆಧಾರ್‌ಗೆ ಯಾವ ಯೋಜನೆಯಲ್ಲಿ, ಯಾವ ದಿನ, ಎಷ್ಟು ಹಣ ಸಂದಾಯವಾಗಿದೆ ಎಂದು ಅದರಲ್ಲಿ ನೋಡಬಹುದು.

ಬ್ಯಾಂಕ್ ಸರಿಯಿದ್ದೂ ಹಣ ಬಾರದಿದ್ದರೆ ಖಾತೆಯ ಆರೋಗ್ಯ ನೋಡಬೇಕು. 2 ವರ್ಷ ಯಾವ ವ್ಯವಹಾರವೂ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಸರಿಯಾದ ದಾಖಲೆಗಳಿಲ್ಲದೆ ತೆರೆದ ‘ಸಣ್ಣ ಖಾತೆ’ಗಳಲ್ಲಿ ಒಂದು ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿಗಿಂತ ಹೆಚ್ಚು ಜಮಾ ಆಗುವಂತಿಲ್ಲ, ಶಿಲ್ಕು 50,000 ರೂಪಾಯಿ ಮೀರುವಂತಿಲ್ಲ. ಮೂಲ ದಾಖಲೆಗಳೊಂದಿಗೆ ಶಾಖೆಗೆ ಹೋಗಿ ಕೆವೈಸಿ ಪೂರ್ಣಗೊಳಿಸಿ, ಆಧಾರ್ ಜೋಡಣೆಯ ಒಪ್ಪಿಗೆ ಅರ್ಜಿಯನ್ನು ಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ಸೀಡಿಂಗ್ ಸ್ಥಿತಿ ನೋಡಿ. ಒಮ್ಮೆ ವಿಫಲವಾದ ಪಾವತಿ ತಾನಾಗಿಯೇ ಮರಳಿ ಬರುತ್ತದೆಂದು ಕಾಯುತ್ತ ಕೂರಬೇಡಿ. ಖಾತೆ ಸರಿಪಡಿಸಿದ ನಂತರ ಆ ವಿಷಯವನ್ನು ಕಾಲೇಜಿಗೂ ಇಲಾಖೆಯ ತಾಲ್ಲೂಕು ಕಚೇರಿಗೂ ಲಿಖಿತವಾಗಿ ತಿಳಿಸಿ.

ಲಕ್ಷಣ: ಸ್ವಲ್ಪ ಹಣ ಮಾತ್ರ ಬಂದಿದೆ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ವಿಷಯದಲ್ಲಿ ಇದು ದೋಷವೇ ಆಗಿರಬೇಕೆಂದಿಲ್ಲ. 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ಪ್ರತ್ಯೇಕವಾಗಿ ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಎರಡರ ನಡುವೆ ಅಂತರವಿರುತ್ತದೆ. ಮೊದಲ ಕಂತು ಬಂದಾಗಲೇ ಖಾತೆ ಮುಚ್ಚುವುದು, ಆಧಾರ್ ಜೋಡಣೆಯನ್ನು ಬೇರೆ ಬ್ಯಾಂಕಿಗೆ ಬದಲಿಸುವುದು ಬೇಡ. ಆ ಹಣದಲ್ಲಿ ಕಾಲೇಜಿಗೆ ಕಟ್ಟಬೇಕಾದ ಶುಲ್ಕವೂ ಸೇರಿರಬಹುದಾದ್ದರಿಂದ ಖರ್ಚು ಮಾಡುವ ಮೊದಲು ಕಾಲೇಜಿನ ಲೆಕ್ಕ ವಿಭಾಗದಲ್ಲಿ ಒಮ್ಮೆ ಕೇಳಿ.

ಲಕ್ಷಣ: ಎನ್‌ಎಸ್‌ಪಿಯಲ್ಲಿ ಮುಖ ಗುರುತಿಸುವುದಿಲ್ಲ, ಅಥವಾ ‘ಡಿಫೆಕ್ಟಿವ್’ ಎಂದು ಬಂದಿದೆ

ಕೇಂದ್ರದ ಪೋರ್ಟಲ್‌ನಲ್ಲಿ 2024-25ರಿಂದ ಒಂದು ಬಾರಿಯ ನೋಂದಣಿ, ಅಂದರೆ ಒಟಿಆರ್ ಬಂದಿದೆ; ಅದಕ್ಕೆ ಫೋನಿನಲ್ಲಿ ಮುಖ ತೋರಿಸಿ ದೃಢೀಕರಿಸಬೇಕು. ಬೆಳಕು ಎದುರಿನಿಂದ ಬೀಳುವಂತೆ ಕುಳಿತು, ಕನ್ನಡಕ ತೆಗೆದು, ಕ್ಯಾಮೆರಾ ಒರೆಸಿ ಮತ್ತೆ ನೋಡಿ. ಆಗಲೂ ಆಗದಿದ್ದರೆ ಆಧಾರ್‌ನಲ್ಲಿ ಬಾಲ್ಯದ ಚಿತ್ರವೇ ಉಳಿದಿರಬಹುದು. 5 ಮತ್ತು 15 ವರ್ಷ ತುಂಬಿದಾಗ ಬಯೋಮೆಟ್ರಿಕ್ ನವೀಕರಿಸುವುದು ಕಡ್ಡಾಯ. ಎರಡನೆಯದನ್ನು ಮರೆತವರು ಬಹಳ. ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಮಾಡಿಸಿದ ಮೇಲೆ ಪ್ರಯತ್ನಿಸಿ. ಆಧಾರ್ ಸಹಾಯವಾಣಿ 1947.

‘ಡಿಫೆಕ್ಟಿವ್’ ಎಂದರೆ ತಿರಸ್ಕಾರವೆಂದು ತಿಳಿದು ಎದೆಗುಂದುವವರಿದ್ದಾರೆ. ಹಾಗಲ್ಲ, ಪರಿಶೀಲಿಸಿದವರು ಕಾರಣ ಬರೆದು ತಿದ್ದಲು ಹಿಂದಿರುಗಿಸಿದ್ದಾರೆ ಎಂದಷ್ಟೇ ಅರ್ಥ. ಲಾಗಿನ್ ಆಗಿ ಷರಾ ಓದಿ, ಅದೊಂದನ್ನೇ ತಿದ್ದಿ, ಗಡುವಿನ ಒಳಗೆ ಮರುಸಲ್ಲಿಸಿ. ‘ರಿಜೆಕ್ಟೆಡ್’ ಬಂದರೆ ಆ ಅರ್ಜಿ ಮುಗಿದಂತೆ. ‘ಫೇಕ್’ ಎಂದು ಗುರುತಾದರೆ ವಿಷಯ ಗಂಭೀರ. ಸ್ವತಃ ಏನನ್ನೂ ಮಾಡದೆ ಕಾಲೇಜಿನ ನೋಡಲ್ ಅಧಿಕಾರಿಯನ್ನೂ ಪ್ರಾಂಶುಪಾಲರನ್ನೂ ಅಂದೇ ಕಾಣಬೇಕು. ಪರಿಶೀಲನೆ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವೂ ಇದೆ: 2023ರಲ್ಲಿ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ತನಿಖೆಯಲ್ಲಿ ದೇಶದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಅಕ್ರಮದಲ್ಲಿ ತೊಡಗಿದ್ದವೆಂದು ಕಂಡುಬಂದು, ಪ್ರಕರಣ ಸಿಬಿಐಗೆ ಹೋಯಿತು. ಆ ಹಣ ನಿಜವಾದ ಮಕ್ಕಳ ಪಾಲಿನದ್ದಾಗಿತ್ತು.

ಲಕ್ಷಣ: ‘ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ’ ಎಂದು ಫೋನ್ ಬರುತ್ತದೆ

ಯಾವ ಇಲಾಖೆಯೂ ಫೋನ್ ಮಾಡಿ ಒಟಿಪಿ, ಎಟಿಎಂ ಪಿನ್ ಕೇಳುವುದಿಲ್ಲ, ಹಣ ಬಿಡುಗಡೆಗೆ ಮುಂಗಡ ಶುಲ್ಕ ಕಟ್ಟಿ ಎನ್ನುವುದಿಲ್ಲ, ಲಿಂಕ್ ಕಳಿಸಿ ಆ್ಯಪ್ ಹಾಕಿಕೊಳ್ಳಲು ಹೇಳುವುದಿಲ್ಲ. ಅಂಥ ಕರೆಯನ್ನು ಅಲ್ಲಿಯೇ ಕಡಿದು, ಪೋರ್ಟಲ್‌ನಲ್ಲಿ ನೀವೇ ಸ್ಥಿತಿ ನೋಡಿಕೊಳ್ಳಿ. ಒಟಿಪಿ ಕೊಟ್ಟುಬಿಟ್ಟಿದ್ದರೆ, ಹಣ ಹೋಗಿದ್ದರೆ, ಮನೆಯವರು ಬೈಯುತ್ತಾರೆಂದು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿದ್ದರೆ ಹೊರಡುವ ಮೊದಲು ಲಾಗ್ ಔಟ್ ಆಗಿ, ಡೌನ್‌ಲೋಡ್ ಆದ ಆಧಾರ್ ಮತ್ತು ಪ್ರಮಾಣಪತ್ರಗಳ ಕಡತಗಳನ್ನು ಎದುರಿಗೇ ಅಳಿಸಿಸಿ, ಅರ್ಜಿ ಸಂಖ್ಯೆ ಮತ್ತು ಪಾಸ್‌ವರ್ಡನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ.